ಮೈಕಿಲ್ಲದ ಕಚೇರಿ

ಲಂಡನ್ನಿನ ಹಳೆಯ ಚರ್ಚುಗಳಲ್ಲಿ ಬರೋಕ್ ಸಂಗೀತ (ಹದಿನೇಳು-ಹದಿನೆಂಟನೆಯ ಶತಮಾನದ ಯುರೋಪಿನ ಶಾಸ್ತ್ರೀಯ ಸಂಗೀತ) ನುಡಿಸುವ ನಮ್ಮ ಕಡೆಯ ಪುಟ್ಟ ತಂಡವೊಂದರ ಕರಪತ್ರವನ್ನು ನಮ್ಮ ಕನ್ನಡ ಸಂಘದ ಪತ್ರಿಕೆಯ ಕಳೆದ ಸಂಚಿಕೆಯ ಜೊತೆ ಕಳಿಸಿದ್ದೆವು. ಅದಕ್ಕೆ ಬಂದ ಪ್ರಶ್ನೆಗಳಲ್ಲಿ ಹೆಚ್ಚಿನವು ಸಂಗೀತದ ಬಗ್ಗೆ ಇರಲಿಲ್ಲ. ‘ಅದು ಪ್ರಾರ್ಥನೆಯೋ ಕಚೇರಿಯೋ?’ ‘ನಾವು ಹೋದರೆ ಅವರೇನೂ ಅಂದುಕೊಳ್ಳುವುದಿಲ್ಲವೇ?’ ‘ಎದ್ದು ನಿಲ್ಲಬೇಕಾ?’ ಎಂದೆಲ್ಲ ಕೇಳಿದ್ದರು.

ಕಚೇರಿ ಕಚೇರಿಯೇ. ಟಿಕೆಟ್ ತೆಗೆದುಕೊಂಡು ಹೋಗಿ ಕೂರುವುದು, ಕೇಳುವುದು, ಚಪ್ಪಾಳೆ ತಟ್ಟಿ ಬರುವುದು, ಅಷ್ಟೆ. ತಮಾಷೆಯೆಂದರೆ ಇದೇ ಊರಿನಲ್ಲಿ ಒಮ್ಮೆ ಇದಕ್ಕೆ ತದ್ವಿರುದ್ಧವಾದ ತಕರಾರು ಎದ್ದಿತ್ತು. ಆ ಕಾಲದ ಹೆಸರಾಂತ ಸಂಗೀತ ರಚನಕಾರ ಹ್ಯಾಂಡೆಲ್‌ನ ‘ಮೆಸಾಯ’ ಎಂಬ ಗಾಯನಕೃತಿ 1742ರಲ್ಲಿ ಡಬ್ಲಿನ್‌ನಲ್ಲಿ ಮೊದಲು ಪ್ರದರ್ಶನವಾದಾಗ ಜನ ಮುಗಿಬಿದ್ದಿದ್ದರು. ಜಾಗ ಸಾಲದೆಂದು ಹೆಂಗಸರು ಅಗಲ ಬಳೆಯ ಲಂಗವನ್ನೂ ಗಂಡಸರು ಕತ್ತಿಯನ್ನೂ ಮನೆಯಲ್ಲೇ ಬಿಟ್ಟು ಬರಬೇಕೆಂದು ಕೇಳಿಕೊಳ್ಳಲಾಗಿತ್ತು. ಮರುವರ್ಷ ಅದೇ ಕೃತಿ ಲಂಡನ್ನಿಗೆ ಬಂದಾಗ, ಬೈಬಲ್ಲಿನ ಮಾತುಗಳನ್ನು ನಾಟಕಶಾಲೆಯಲ್ಲಿ ಹಾಡುವುದೇ ಎಂದು ಮಡಿವಂತರು ಮೂಗು ಮುರಿದರು. 1750ರಲ್ಲಿ ಫೌಂಡ್ಲಿಂಗ್ ಆಸ್ಪತ್ರೆ ಎಂಬ ಅನಾಥ ಮಕ್ಕಳ ಆಶ್ರಮದ ಚಾಪೆಲ್‌ನಲ್ಲಿ ಹ್ಯಾಂಡೆಲ್ ಅದನ್ನು ಸಹಾಯಾರ್ಥ ನುಡಿಸಿದ ಮೇಲೆ ಗೊಣಗಾಟ ನಿಂತಿತು. ದೇವರ ಸಂಗೀತ, ದುಡ್ಡಿನ ಟಿಕೆಟ್, ಧರ್ಮಕಾರ್ಯ ಮೂರೂ ಒಂದೇ ಸೂರಿನಡಿ ಸೇರಿದ್ದು ಹಾಗೆ. ಇಂದು ಚರ್ಚಿನ ಬಾಗಿಲಲ್ಲಿ ‘ಚಾವಣಿ ರಿಪೇರಿಗೆ’ ಎಂದು ಡಬ್ಬಿ ಇಟ್ಟಿದ್ದರೆ ಅದೂ ಆ ವಂಶದ್ದೇ.

ಮೊದಲ ಸಲ ಹೋಗುವವರು ಎಲ್ಲಿಗೆ ಹೋಗಬೇಕು? ಟ್ರಫಾಲ್ಗರ್ ಚೌಕದ ಪಕ್ಕದ ಸೇಂಟ್ ಮಾರ್ಟಿನ್ ಎಲ್ಲರಿಗೂ ಗೊತ್ತು. ಹ್ಯಾನೋವರ್ ಚೌಕದ ಸೇಂಟ್ ಜಾರ್ಜ್ ಹ್ಯಾಂಡೆಲ್ ಸ್ವತಃ ಹೋಗುತ್ತಿದ್ದ ಚರ್ಚು. ನನ್ನ ಮತ ಮಾತ್ರ ಹ್ಯಾರೋ ಕಡೆಯ ಸೇಂಟ್ ಲಾರೆನ್ಸ್ ವಿಟ್‌ಚರ್ಚ್‌ಗೆ. ನಮ್ಮ ಸದಸ್ಯರಲ್ಲಿ ಎಷ್ಟೋ ಮಂದಿ ದಿನಾ ಹತ್ತಿಳಿಯುವ ಕ್ಯಾನನ್ಸ್ ಪಾರ್ಕ್ ಟ್ಯೂಬ್ ನಿಲ್ದಾಣದಿಂದ ನಡೆದೇ ಹೋಗಬಹುದು. ಹೊರಗಿನಿಂದ ನೋಡಿದರೆ ಸಾಧಾರಣ ಇಟ್ಟಿಗೆ ಕಟ್ಟಡ. ಒಳಗೆ ಕಾಲಿಟ್ಟರೆ ಗೋಡೆ, ಚಾವಣಿ ಎಲ್ಲ ಚಿತ್ರಮಯ. ಚಪ್ಪಟೆ ಗೋಡೆಯ ಮೇಲೆ ಕಲ್ಲಿನ ಮೂರ್ತಿಗಳು ನಿಂತಿವೆಯೇನೋ ಎಂದು ಕಣ್ಣಿಗೆ ಮೋಸವಾಗುವಂತೆ ಬರೆದಿದ್ದಾರೆ.

ಇದನ್ನು ಹೊಸದಾಗಿ ಕಟ್ಟಿಸಿದವನು ಜೇಮ್ಸ್ ಬ್ರಿಡ್ಜಸ್, ಆಮೇಲೆ ಚಾಂಡೋಸ್‌ನ ಡ್ಯೂಕ್ ಆದವನು. ಸೈನ್ಯದ ಬಟವಾಡೆ ನೋಡಿಕೊಳ್ಳುವ ಹುದ್ದೆಯಲ್ಲಿ ಕೈತುಂಬ ಮಾಡಿಕೊಂಡಿದ್ದ ಸಾಹುಕಾರ. 1717-18ರಲ್ಲಿ ಹ್ಯಾಂಡೆಲ್ ಇವನ ಆಶ್ರಯದಲ್ಲಿದ್ದು ಚಾಂಡೋಸ್ ಆಂಥಮ್‌ಗಳೆಂಬ ಹನ್ನೊಂದು ಕೀರ್ತನೆಗಳನ್ನು ರಚಿಸಿದ. ಇವುಗಳ ವಾದ್ಯವೃಂದದಲ್ಲಿ ವಯೋಲಾ (ಪಿಟೀಲಿಗಿಂತ ತುಸು ದೊಡ್ಡ ವಾದ್ಯ) ಇಲ್ಲ. ಡ್ಯೂಕನ ತಂಡದಲ್ಲಿ ವಯೋಲಾ ನುಡಿಸುವವರೇ ಇರಲಿಲ್ಲ. ಇದ್ದವರಿಗೆ ತಕ್ಕಂತೆ ಹ್ಯಾಂಡೆಲ್ ಬರೆದ. ಡ್ಯೂಕನ ಅರಮನೆಯನ್ನು 1747ರಲ್ಲಿ ಕೆಡವಿ ಕಲ್ಲು ಕಂಬಗಳನ್ನೂ ಮಾರಿದರು. ಚರ್ಚು ಉಳಿದಿದೆ, ಆ ಕೀರ್ತನೆಗಳೂ ಉಳಿದಿವೆ. ಇದ್ದ ಜನಕ್ಕೆ, ಇದ್ದ ಜಾಗಕ್ಕೆ ಅಳತೆ ಮಾಡಿ ಹೊಲಿದ ಸಂಗೀತ ಎನ್ನುವುದು ಅಲ್ಲಿ ಕೂತು ಕೇಳಿದರೆ ಕಿವಿಗೇ ತಿಳಿಯುತ್ತದೆ.

ಈ ತಂಡಗಳು ಹಿಂದಿನ ಕಾಲದ ಮಾದರಿಯ ವಾದ್ಯಗಳನ್ನೇ ಬಳಸುತ್ತವೆ. ಪಿಟೀಲಿಗೆ ಕರುಳಿನ ತಂತಿ (ಸಸ್ಯಾಹಾರಿ ಓದುಗರು ಕ್ಷಮಿಸಬೇಕು). ಹಾರ್ಪ್ಸಿಕಾರ್ಡ್ ನೋಡಲು ಪಿಯಾನೋದ ತಂಗಿಯಂತಿದ್ದರೂ ಒಳಗೆ ತಂತಿಗೆ ಸುತ್ತಿಗೆ ಬಡಿಯುವುದಿಲ್ಲ, ಪುಟ್ಟ ಕಡ್ಡಿ ಮೀಟುತ್ತದೆ. ಇಂದಿನ ಆರ್ಕೆಸ್ಟ್ರಾಗಳ ಶ್ರುತಿ 440 ಹರ್ಟ್ಸ್ (ಸೆಕೆಂಡಿಗೆ ಅಷ್ಟು ಕಂಪನ) ಆದರೆ ಇವರದು ಸಾಮಾನ್ಯವಾಗಿ 415, ನಮ್ಮ ಲೆಕ್ಕದಲ್ಲಿ ಅರ್ಧ ಮನೆ ಕೆಳಗೆ. ಚರ್ಚಿನಲ್ಲಿ ಜನ ತುಂಬಿ ಬಿಸಿಯೇರಿದ ಹಾಗೆ ತಂತಿಗಳ ಶ್ರುತಿ ಕದಲುತ್ತದೆ. ಹೀಗಾಗಿ ಒಂದೊಂದು ಕೃತಿಗೂ ಮುನ್ನ ಶ್ರುತಿ ಮಾಡಿಕೊಳ್ಳುತ್ತಾರೆ. ಅಕ್ಕಪಕ್ಕದವರು ಗಡಿಯಾರ ನೋಡಿಕೊಳ್ಳುತ್ತಾರೆ. ನಮಗೆ ಮಾತ್ರ ಅದು ಕಚೇರಿಯ ಭಾಗವೇ ಅನಿಸುತ್ತದೆ. ವಿರಾಮದಲ್ಲಿ ಎಲ್ಲರೂ ವೈನ್ ಹಿಡಿದು ಹರಟುವಾಗ ಹಾರ್ಪ್ಸಿಕಾರ್ಡ್‌ನವರು ಒಬ್ಬರೇ ಬಗ್ಗಿ, ಕೈಯಲ್ಲೊಂದು ಕೀಲಿ ಹಿಡಿದು, ತಂತಿ ತಂತಿಯನ್ನೂ ಬಿಗಿದು ಸಡಿಲಿಸಿ ಕೇಳುತ್ತಿರುತ್ತಾರೆ. ಅವರ ಮುಂದಿರುವ ಹಾಳೆಯಲ್ಲಿ ಎಡಗೈಯ ಸ್ವರಗಳು, ಜೊತೆಗೆ ಕೆಲವು ಅಂಕಿಗಳು ಮಾತ್ರ ಬರೆದಿರುತ್ತವೆ. ಬಲಗೈ ಏನು ನುಡಿಸಬೇಕೆಂಬುದು ಆ ಅಂಕಿಗಳ ಕಟ್ಟಳೆಯೊಳಗೆ ಅವರವರ ಮನೋಧರ್ಮ. ‘ಅವರದೆಲ್ಲ ಬರೆದಿಟ್ಟದ್ದು, ನಮ್ಮದು ಮಾತ್ರ ಮನೋಧರ್ಮ’ ಎಂದು ವೇದಿಕೆಯ ಮೇಲೆ ಹೇಳುವವರು ಒಮ್ಮೆ ಹೋಗಿ ಆ ಹಾಳೆ ನೋಡಿ ಬರಲಿ.

ಇದೆಲ್ಲ ಕನ್ನಡ ಸಂಘದ ಪತ್ರಿಕೆಯಲ್ಲಿ ಏಕೆ ಎನ್ನುವವರಿಗೆ, ಪಾಶ್ಚಾತ್ಯ ಶಾಸ್ತ್ರೀಯ ಸಂಗೀತದ ಸಂಸ್ಥೆಯಾದ ಲಂಡನ್ನಿನ ಫಿಲ್‌ಹಾರ್ಮೋನಿಯಾ ಕನ್ಸರ್ಟ್ ಸೊಸೈಟಿಯ ಮೊದಲ ಅಧ್ಯಕ್ಷರು ನಮ್ಮ ಜಯಚಾಮರಾಜ ಒಡೆಯರ್ ಎಂಬುದನ್ನು ನೆನಪಿಸುತ್ತೇನೆ.

ನಿಜವಾದ ಕಾರಣ ಬೇರೆಯೇ ಇದೆ. ನಮ್ಮ ಕಾರ್ಯಕ್ರಮಗಳಿಗೆ ನಾವು ಶಾಲೆಯ ಹಾಲ್ ಹಿಡಿಯುತ್ತೇವೆ. ಬಾಸ್ಕೆಟ್‌ಬಾಲ್ ಗೆರೆಗಳ ಮೇಲೆ ವೇದಿಕೆ, ಎರಡು ಕಡೆ ಆಳೆತ್ತರದ ಸ್ಪೀಕರ್. ಮೃದಂಗ ಗುಡುಗುತ್ತದೆ, ತಂಬೂರಿ ಎಲ್ಲೋ ಕಳೆದುಹೋಗುತ್ತದೆ, ಗಾಯಕರು ಕಚೇರಿಯುದ್ದಕ್ಕೂ ‘ಮಾನಿಟರ್ ಸ್ವಲ್ಪ ಜಾಸ್ತಿ ಮಾಡಿ’ ಎಂದು ಕೈಸನ್ನೆ ಮಾಡುತ್ತಲೇ ಇರುತ್ತಾರೆ. ವೀಣೆಯನ್ನು ವೀಣೆಯಾಗಿ ಕೇಳಿದ ನೆನಪೇ ನಮ್ಮಲ್ಲಿ ಬಹಳ ಜನರಿಗೆ ಇಲ್ಲ. ಅದೇ ವೀಣೆಯನ್ನು ನೂರು ಜನ ಹಿಡಿಸುವ, ಮರದ ಆಸನಗಳ ಒಂದು ಹಳೆಯ ಚರ್ಚಿನಲ್ಲಿ, ಮೈಕಿಲ್ಲದೆ ಕೇಳಿದರೆ ಹೇಗಿರುತ್ತದೆ? ಬಹಳಷ್ಟು ಚರ್ಚುಗಳು ಕಚೇರಿಗೆ ಬಾಡಿಗೆಗೆ ಸಿಗುತ್ತವೆ. ಹಾಡುಗಾರಿಕೆಯಾದರೆ ಸಾಹಿತ್ಯದ ಬಗ್ಗೆ ಅಲ್ಲಿನ ಪಾದ್ರಿಗಳ ಒಪ್ಪಿಗೆಯನ್ನು ಮೊದಲೇ ಪಡೆಯಬೇಕು. ಅದು ಅವರ ಪೂಜಾಸ್ಥಳ, ಕೇಳುವುದೇ ಮರ್ಯಾದೆ. ವೀಣೆ, ಕೊಳಲುಗಳಿಂದ ಶುರುಮಾಡುವುದು ಸುಲಭ. ಮೃದಂಗಕ್ಕೆ ಕಲ್ಲುಗೋಡೆಯ ಮಾರ್ದನಿ ಕಾಟ ಕೊಡಬಹುದು, ಮೊದಲೇ ಹೋಗಿ ನುಡಿಸಿ ನೋಡಬೇಕು.

ಈ ಸಲಹೆ ಮುಂದಿನ ಕಾರ್ಯಕಾರಿ ಸಮಿತಿಯ ಸಭೆಗೆ ಬರುತ್ತದೆ. ಅಷ್ಟರೊಳಗೆ ನಿಮ್ಮ ಅಭಿಪ್ರಾಯ ತಿಳಿಸಿ. ಆ ಬರೋಕ್ ತಂಡದ ಕಚೇರಿಗೂ ಒಮ್ಮೆ ಹೋಗಿಬನ್ನಿ. ಶಾಲು ಮರೆಯಬೇಡಿ, ಕೂರಲು ಒಂದು ದಿಂಬೂ ಇರಲಿ. ಮೈಕಿಲ್ಲದಿದ್ದರೆ ಅಧ್ಯಕ್ಷರ ಭಾಷಣ ಹಿಂದಿನ ಸಾಲಿಗೆ ಕೇಳುವುದು ಹೇಗೆ ಎಂದು ಸಮಿತಿಯ ಹಿರಿಯರೊಬ್ಬರು ಈಗಾಗಲೇ ಆಕ್ಷೇಪ ಎತ್ತಿದ್ದಾರೆ. ಅದನ್ನು ನಾನು ಸಲಹೆಯ ಪರವಾದ ಮತವೆಂದೇ ಬರೆದುಕೊಂಡಿದ್ದೇನೆ.