ವಿಂಡೋಸ್ 10: ಮನೆಗೊಂದು ದರ, ಅಂಗಡಿಗೊಂದು ದರ

ಗುಂಪಿನ ಎಲ್ಲ ವ್ಯಾಪಾರಸ್ಥ ಸದಸ್ಯರ ಗಮನಕ್ಕೆ.

ವಿಂಡೋಸ್ 10ಕ್ಕೆ ಸಿಗುತ್ತಿದ್ದ ಉಚಿತ ಭದ್ರತಾ ಅಪ್‌ಡೇಟ್‌ಗಳು 2025ರ ಅಕ್ಟೋಬರ್ 14ಕ್ಕೆ ಮುಗಿದಿವೆ. ಮುಂದೆಯೂ ಅವು ಬೇಕೆನ್ನುವ ಮನೆ ಬಳಕೆದಾರರಿಗೆ ಮೈಕ್ರೋಸಾಫ್ಟ್ ಒಂದು ವರ್ಷಕ್ಕೆ 30 ಡಾಲರ್ ನಿಗದಿಪಡಿಸಿತು. ಒಂದೇ ಮೈಕ್ರೋಸಾಫ್ಟ್ ಖಾತೆಯಡಿ ಹತ್ತು ಕಂಪ್ಯೂಟರ್‌ಗಳವರೆಗೆ ಅದು ಸಲ್ಲುತ್ತದೆ, ಸೆಟ್ಟಿಂಗ್‌ಗಳನ್ನು ಕ್ಲೌಡ್‌ಗೆ ಬ್ಯಾಕಪ್ ಮಾಡಲು ಒಪ್ಪಿದರೆ ಆ ಹಣವನ್ನೂ ಕೊಡಬೇಕಿಲ್ಲ. ವ್ಯಾಪಾರ ಸಂಸ್ಥೆಗಳಿಗೆ ಮಾತ್ರ ಪ್ರತಿ ಕಂಪ್ಯೂಟರಿಗೆ ಮೊದಲ ವರ್ಷ 61, ಎರಡನೆಯ ವರ್ಷ 122, ಮೂರನೆಯ ವರ್ಷ 244 ಡಾಲರ್. ತಡವಾಗಿ ಸೇರುವವರು ಹಿಂದಿನ ವರ್ಷದ ಶುಲ್ಕವನ್ನೂ ತೆರಬೇಕೆಂಬ ಷರತ್ತು ಬಹಳ ಜನರ ಗಮನಕ್ಕೆ ಬಂದಂತಿಲ್ಲ.

ಅಮರಗೋಳದ ಎಪಿಎಂಸಿಯಲ್ಲಿ ದಲಾಲಿ ಅಂಗಡಿ ಇಟ್ಟಿರುವ ಕೆಲವು ಸದಸ್ಯರು, ಟ್ಯಾಲಿಗೂ ಬಿಲ್ಲಿಗೂ ಇರುವುದು ಒಂದೇ ಕಂಪ್ಯೂಟರ್ ಆದ್ದರಿಂದ ಅದನ್ನು ಮನೆಯ ಯೋಜನೆಗೇ ಸೇರಿಸಿದರಾಯಿತಲ್ಲ ಎಂದು ಕೇಳಿದ್ದಾರೆ. ಆ ಯೋಜನೆ ವಾಣಿಜ್ಯ ಬಳಕೆಗಲ್ಲ. ಡೊಮೇನ್‌ಗೆ, ಅಂದರೆ ಸಂಸ್ಥೆಯೊಂದು ಕೇಂದ್ರದಿಂದ ನಿಯಂತ್ರಿಸುವ ಜಾಲಕ್ಕೆ, ಜೋಡಿಸಿದ ಯಂತ್ರಗಳಿಗಂತೂ ಅದು ಸಿಗುವುದೇ ಇಲ್ಲ.

ಮೂರು ವರ್ಷಕ್ಕೆ ಒಟ್ಟು 427 ಡಾಲರ್ ಸುರಿದು ಹಳೆಯ ಯಂತ್ರವನ್ನು ಉಳಿಸಿಕೊಳ್ಳುವುದು ನನ್ನ ದೃಷ್ಟಿಯಲ್ಲಿ ದಂಡದ ಖರ್ಚು, ಆ ಹಣಕ್ಕೆ ಹೊಸ ಕಂಪ್ಯೂಟರೇ ಬರುತ್ತದೆ. ಈಗಿರುವ ಯಂತ್ರದಲ್ಲೇ ಇಂಟೆಲ್‌ನ ಎಂಟನೆಯ ಪೀಳಿಗೆಯ ಅಥವಾ ನಂತರದ ಪ್ರೊಸೆಸರ್, ಟಿಪಿಎಂ 2.0 (ಕಂಪ್ಯೂಟರಿನೊಳಗಿನ ಭದ್ರತಾ ವ್ಯವಸ್ಥೆ), ಕನಿಷ್ಠ 4 ಜಿಬಿ ರ‍್ಯಾಮ್ ಇದ್ದು, ವಿಂಡೋಸ್ 10ರ ಲೈಸೆನ್ಸ್ ಅಸಲಿಯಾಗಿದ್ದರೆ ವಿಂಡೋಸ್ 11 ಅಂಗಡಿಯವರಿಗೂ ಉಚಿತವೇ. ಹಾಗಾಗಿ ಲೈಸೆನ್ಸಿಗೆಂದು ಯಾರಾದರೂ ಪ್ರತ್ಯೇಕ ಹಣ ಕೇಳಿದರೆ, ಕೊಡುವ ಮುನ್ನ ಮೈಕ್ರೋಸಾಫ್ಟ್‌ನದೇ ಆದ ಪಿಸಿ ಹೆಲ್ತ್ ಚೆಕ್ ಆ್ಯಪ್‌ನಲ್ಲಿ ಯಂತ್ರವು ವಿಂಡೋಸ್ 11ಕ್ಕೆ ಹೊಂದುತ್ತದೆಯೇ ಎಂದು ಪರೀಕ್ಷಿಸಿಕೊಳ್ಳಬೇಕಾಗಿ ಕೋರಲಾಗಿದೆ.