ವೀಸಾ ಬೇಡ ಅಂದ ಮಾತ್ರಕ್ಕೆ ಹೊರಡುವ ಹಾಗಿಲ್ಲ: ಬಾರ್ಬಡೋಸ್‌ಗೆ ಹೋಗುವ ನಮ್ಮ ಗ್ರಾಹಕರಿಗೆ ಒಂದು ಪತ್ರ

ನಮಸ್ಕಾರ.

ಮೊದಲು ವಿಷಯ ಹೇಳಿಬಿಡುತ್ತೇವೆ, ಕಾರಣ ಆಮೇಲೆ. ಮುಂದಿನ ತಿಂಗಳ ಒಂದನೇ ತಾರೀಖಿನಿಂದ ಬಾರ್ಬಡೋಸ್‌ಗಾಗಲಿ, ಕೆರಿಬಿಯನ್ನಿನ ಬೇರೆ ಯಾವ ದ್ವೀಪಕ್ಕಾಗಲಿ, ನಿಮ್ಮ ಕಾಗದಪತ್ರ ಪೂರ್ತಿ ನಮ್ಮ ಮೇಜಿನ ಮೇಲೆ ಬರುವವರೆಗೆ ನಾವು ಟಿಕೆಟ್ ಮಾಡುವುದಿಲ್ಲ. ಇಷ್ಟು ದಿನ ಉಲ್ಟಾ ಇತ್ತು. ನೀವು ಫೋನಿನಲ್ಲಿ ಹೆಸರು ಹೇಳುತ್ತಿದ್ದಿರಿ, ಅಡ್ವಾನ್ಸ್ ಹಾಕುತ್ತಿದ್ದಿರಿ, ರೇಟು ಕಮ್ಮಿ ಕಂಡ ಕೂಡಲೇ ನಾವು ಟಿಕೆಟ್ ಮಾಡಿಬಿಡುತ್ತಿದ್ದೆವು, ಪಾಸ್‌ಪೋರ್ಟಿನ ಫೋಟೋ ನಿಧಾನಕ್ಕೆ ವಾಟ್ಸಾಪಿನಲ್ಲಿ ಬರುತ್ತಿತ್ತು. ಅದೂ ಅರ್ಧ ಕತ್ತರಿಸಿದ್ದು, ಬೆರಳು ಅಡ್ಡ ಬಂದದ್ದು. ಇನ್ನು ಮೇಲೆ ಹಾಗಿಲ್ಲ.

ಯಾಕೆ ಅಂದರೆ ಹೋದ ವರ್ಷ ನಮ್ಮಿಂದಲೇ ಒಂದು ಎಡವಟ್ಟಾಯಿತು. ಕುವೆಂಪುನಗರದ ಒಬ್ಬ ನಿವೃತ್ತ ಮೇಷ್ಟ್ರು ಮತ್ತು ಅವರ ಮನೆಯವರು ಬಾರ್ಬಡೋಸ್‌ಗೆ ಹೊರಟಿದ್ದರು, ಮಗಳು ಅಲ್ಲಿ ಮೆಡಿಕಲ್ ಓದುತ್ತಿದ್ದಾಳೆ. ಭಾರತದ ಪಾಸ್‌ಪೋರ್ಟಿಗೆ ಬಾರ್ಬಡೋಸ್ ವೀಸಾ ಕೇಳುವುದಿಲ್ಲ. ಅದು ಅವರಿಗೂ ಗೊತ್ತು, ನಮಗೂ ಗೊತ್ತು. ಬೆಂಗಳೂರಿನಿಂದ ಲಂಡನ್ನಿಗೆ ಒಂದು ಟಿಕೆಟ್, ಅಲ್ಲಿಂದ ಬಾರ್ಬಡೋಸ್‌ನ ರಾಜಧಾನಿ ಬ್ರಿಜ್‌ಟೌನ್‌ಗೆ ಇನ್ನೊಂದು, ಬೇರೆ ಬೇರೆ ಪಿಎನ್‌ಆರ್ (ಬುಕಿಂಗ್ ನಂಬರ್). ಹಾಗೆ ಮಾಡಿದರೆ ಇಬ್ಬರಿಗೂ ಸೇರಿ 30 ಸಾವಿರದ ಮೇಲೆ ಉಳಿಯುತ್ತಿತ್ತು, ನಾವೇ ಖುಷಿಯಿಂದ ಮಾಡಿಕೊಟ್ಟೆವು. ಮೊದಲನೇ ವಿಮಾನ ಇಳಿಯುವುದು ಹೀಥ್ರೂನಲ್ಲಿ, ಎರಡನೆಯದು ಹೊರಡುವುದು ಗ್ಯಾಟ್ವಿಕ್‌ನಿಂದ. ಎರಡೂ ಲಂಡನ್ನೇ ಅಲ್ವಾ ಅಂದುಕೊಂಡೆವು.

ಬೆಳಗಿನ ಜಾವ ನಾಲ್ಕು ಗಂಟೆಗೆ ನನಗೆ ಫೋನು. ಬೆಂಗಳೂರು ಏರ್‌ಪೋರ್ಟಿನ ಕೌಂಟರಿನಲ್ಲಿ ಮೇಷ್ಟ್ರು ನಿಂತಿದ್ದಾರೆ, ಹಿಂದೆ ಉದ್ದದ ಕ್ಯೂ, ಪಕ್ಕದಲ್ಲಿ ಅವರ ಮನೆಯವರು ಚಟ್ನಿಪುಡಿಯ ಸ್ಟೀಲ್ ಡಬ್ಬಿ ಇದ್ದ ಬ್ಯಾಗನ್ನು ಎದೆಗೆ ಅವುಚಿಕೊಂಡು ನಿಂತಿದ್ದಾರೆ. "ಯುಕೆ ವೀಸಾ ತೋರಿಸಿ ಅಂತಾರಪ್ಪ, ನಾವು ಯುಕೆಗೆ ಹೋಗ್ತಾನೇ ಇಲ್ವಲ್ಲ" ಅಂದರು. ಅವರ ಮಾತು ಸರಿಯೇ. ಕೌಂಟರಿನವರ ಮಾತೂ ಸರಿಯೇ. ಕಾಗದ ಸರಿಯಿಲ್ಲದವರನ್ನು ಹತ್ತಿಸಿಕೊಂಡು ಹೋದರೆ ವಿಮಾನ ಕಂಪನಿಗೆ ದಂಡ ಬೀಳುತ್ತದೆ, ವಾಪಸ್ ಕರೆತರುವ ಹೊಣೆಯೂ ಅವರದ್ದೇ. ಅದಕ್ಕೇ ಅವರು ಒಂದು ಹೆಜ್ಜೆಯೂ ಸಡಿಲ ಬಿಡುವುದಿಲ್ಲ. ಗಂಡ ಹೆಂಡತಿ ಇಬ್ಬರೂ ಅದೇ ಬೆಳಿಗ್ಗೆ ಟ್ಯಾಕ್ಸಿಯಲ್ಲಿ ಮೈಸೂರಿಗೆ ವಾಪಸ್ ಬಂದರು. ತಪ್ಪು ಪೂರ್ತಿ ನಮ್ಮದು. ದುಡ್ಡು ನಾವು ತುಂಬಿಕೊಟ್ಟೆವು, ಆದರೆ ಮಗಳ ರಜೆ ಹತ್ತು ದಿನ ಇತ್ತು, ಅದನ್ನು ತುಂಬಿಕೊಡುವುದಕ್ಕೆ ಆಗಲಿಲ್ಲ.

ಹಾಗಾಗಿ ಈ ದಾರಿಯ ವಿಷಯ ಸ್ವಲ್ಪ ಉದ್ದಕ್ಕೇ ಬರೆಯುತ್ತೇವೆ, ಬೇಜಾರು ಮಾಡಿಕೊಳ್ಳಬೇಡಿ.

ಭಾರತದಿಂದ ಬಾರ್ಬಡೋಸ್‌ಗೆ ನೇರ ವಿಮಾನ ಇಲ್ಲ. ಎಲ್ಲೋ ಒಂದು ಕಡೆ ಇಳಿದು ಹತ್ತಲೇಬೇಕು, ಕೆಲವೊಮ್ಮೆ ಎರಡು ಕಡೆ. ಸಾಮಾನ್ಯವಾಗಿ ಅದು ಬ್ರಿಟನ್, ಅಮೆರಿಕ, ಕೆನಡಾ ಅಥವಾ ಯುರೋಪಿನ ಒಂದು ಊರು. ನಿಮ್ಮ ಪಾಸ್‌ಪೋರ್ಟ್ ನಿಜವಾಗಿ ಪರೀಕ್ಷೆಗೆ ಬೀಳುವುದು ಅಲ್ಲಿ, ಬ್ರಿಜ್‌ಟೌನಿನಲ್ಲಲ್ಲ.

ಬ್ರಿಟನ್ ದಾರಿ ಹೀಗೆ. ಹೀಥ್ರೂನಲ್ಲೇ ಇಳಿದು, ಹೊರಗೆ ಕಾಲಿಡದೆ, ಹೀಥ್ರೂನಿಂದಲೇ ಇನ್ನೊಂದು ವಿಮಾನ ಹತ್ತುವುದಾದರೂ ಭಾರತೀಯರಿಗೆ ಏರ್‌ಪೋರ್ಟ್ ಟ್ರಾನ್ಸಿಟ್ ವೀಸಾ ಬೇಕು. ಅಮೆರಿಕ, ಕೆನಡಾ, ಆಸ್ಟ್ರೇಲಿಯಾ ಅಥವಾ ನ್ಯೂಜಿಲೆಂಡಿನ ಚಾಲ್ತಿ ವೀಸಾ ಪಾಸ್‌ಪೋರ್ಟಿನಲ್ಲಿ ಇದ್ದವರಿಗೆ ಇದರಿಂದ ವಿನಾಯಿತಿ ಇದೆ. ಹೀಥ್ರೂನಿಂದ ಗ್ಯಾಟ್ವಿಕ್‌ಗೆ ಹೋಗಬೇಕಾದರೆ ಕಥೆಯೇ ಬೇರೆ. ರಸ್ತೆಯಲ್ಲಿ 60 ಕಿಲೋಮೀಟರಿಗೂ ಜಾಸ್ತಿ ದೂರ, ಅಂದರೆ ನೀವು ಇಮಿಗ್ರೇಷನ್ ದಾಟಿ ಬ್ರಿಟನ್ನಿನ ಒಳಗೆ ಹೋದ ಹಾಗೆ. ಅದಕ್ಕೆ ಏರ್‌ಪೋರ್ಟ್ ಟ್ರಾನ್ಸಿಟ್ ವೀಸಾ ಸಾಲದು, ದೇಶದೊಳಗೆ ಬಿಡುವ ವೀಸಾ ಬೇಕು. ಮೇಷ್ಟ್ರ ಹತ್ತಿರ ಎರಡೂ ಇರಲಿಲ್ಲ.

ಬೇರೆ ಬೇರೆ ಪಿಎನ್‌ಆರ್‌ನ ತೊಂದರೆ ಇನ್ನೂ ಒಂದಿದೆ. ಚೆಕ್-ಇನ್ ಮಾಡಿದ ಲಗೇಜು ಮೊದಲ ವಿಮಾನದ ಕೊನೆಯ ಊರಿಗೇ ಬಂದು ನಿಂತುಬಿಡುತ್ತದೆ, ಅದನ್ನು ತೆಗೆದುಕೊಂಡು ಮತ್ತೆ ಕೊಡಬೇಕಾದರೆ ನೀವು ಹೊರಗೆ ಬರಲೇಬೇಕು. ಹೊರಗೆ ಬರಲು ವೀಸಾ ಬೇಕು. ಮೊದಲ ವಿಮಾನ ತಡವಾಗಿ ಎರಡನೆಯದು ತಪ್ಪಿದರೆ ಯಾರೂ ಕೇಳುವವರಿಲ್ಲ. ಇನ್ನು ಮುಂದೆ ನಮ್ಮಲ್ಲಿ ಒಂದೇ ಪಿಎನ್‌ಆರ್ ಮಾತ್ರ. ಸ್ವಲ್ಪ ದುಬಾರಿ ಆಗುತ್ತದೆ, ಗೊತ್ತು. ಆನ್‌ಲೈನಿನಲ್ಲಿ ಕಮ್ಮಿಗೆ ಸಿಗುತ್ತಲ್ಲ ಅಂತ ನೀವು ತೋರಿಸಿದರೂ ನಾವು ಮಾಡಿಕೊಡುವುದಿಲ್ಲ.

ಅಮೆರಿಕದ ದಾರಿಯಲ್ಲಿ 'ಏರ್‌ಪೋರ್ಟಿನ ಒಳಗೇ ಇರ್ತೀನಿ' ಅನ್ನುವ ಮಾತೇ ಇಲ್ಲ. ಮಯಾಮಿಯಲ್ಲಿ ಎರಡು ಗಂಟೆ ಕೂತು ಮುಂದೆ ಹೋಗುವವರೂ ಅಲ್ಲಿನ ಇಮಿಗ್ರೇಷನ್ ದಾಟಲೇಬೇಕು, ಹಾಗಾಗಿ ವೀಸಾ ಬೇಕೇ ಬೇಕು. ಆದರೆ ನಮ್ಮ ಗ್ರಾಹಕರಲ್ಲಿ ತುಂಬಾ ಜನಕ್ಕೆ ಇದೇ ಸುಲಭದ ದಾರಿ. ಮಗನೋ ಮಗಳೋ ಅಲ್ಲಿದ್ದಾರೆ, ಹತ್ತು ವರ್ಷದ ಬಿ1/ಬಿ2 (ಪ್ರವಾಸಿ) ವೀಸಾ ಆಗಲೇ ಇದೆ. ಆ ವೀಸಾ ಹಳೇ ಪಾಸ್‌ಪೋರ್ಟಿನಲ್ಲಿ ಇದ್ದರೂ ಪರವಾಗಿಲ್ಲ, ಅವಧಿ ಇದ್ದು ಹಾಳಾಗದೆ ಇದ್ದರೆ ನಡೆಯುತ್ತದೆ. ಹಳೆಯದು, ಹೊಸದು ಎರಡನ್ನೂ ತೆಗೆದುಕೊಂಡು ಹೋಗಬೇಕು ಅಷ್ಟೇ. ಹಳೇ ಪಾಸ್‌ಪೋರ್ಟನ್ನು ಬೀರುವಿನಲ್ಲಿ ಬಿಟ್ಟು ದೇವನಹಳ್ಳಿವರೆಗೆ ಹೋಗಿ ನೆನಪಾದವರು ಒಬ್ಬರಿದ್ದಾರೆ, ಹೆಸರು ಹೇಳುವುದಿಲ್ಲ.

ಮಕ್ಕಳ ಮಾತು ಬಂತಲ್ಲ, ಇದನ್ನು ದಯವಿಟ್ಟು ಅವರಿಗೇ ಕಳಿಸಿ ಓದಿಸಿ. ಈಚೆಗೆ ಒಂದು ಹೊಸ ಪ್ಲಾನು ಜಾಸ್ತಿ ಬರುತ್ತಿದೆ: ಅಪ್ಪ ಅಮ್ಮ ಇಲ್ಲಿಂದ ಬಾರ್ಬಡೋಸ್‌ಗೆ, ಮಗ ಡಲ್ಲಾಸಿನಿಂದ ಬಾರ್ಬಡೋಸ್‌ಗೆ, ಒಂದು ವಾರ ಜೊತೆಗೆ. ಐಡಿಯಾ ಚೆನ್ನಾಗಿದೆ. ಆದರೆ ಮಗ ಅಮೆರಿಕದ ಕೆಲಸದ ವೀಸಾ ಎಚ್-1ಬಿಯಲ್ಲಿದ್ದು ಪಾಸ್‌ಪೋರ್ಟಿನಲ್ಲಿರುವ ವೀಸಾ ಸ್ಟಾಂಪಿನ ಅವಧಿ ಮುಗಿದಿದ್ದರೆ ಬಾರ್ಬಡೋಸ್‌ಗೆ ಬರುವುದು ಸುಲಭ, ವಾಪಸ್ ಹೋಗುವುದು ಆಗುವುದಿಲ್ಲ. ಅವಧಿ ಮುಗಿದ ಸ್ಟಾಂಪಿನಲ್ಲೇ 30 ದಿನದೊಳಗೆ ವಾಪಸ್ ಬಿಡುವ ಒಂದು ನಿಯಮ ಇದೆ, ಅದನ್ನೇ ಸ್ನೇಹಿತರು ಹೇಳಿರುತ್ತಾರೆ. ಎಚ್-1ಬಿಯವರಿಗೆ ಅದು ಕೆನಡಾ ಮತ್ತು ಮೆಕ್ಸಿಕೋಗೆ ಹೋಗಿ ಬಂದರೆ ಮಾತ್ರ. ಕೆರಿಬಿಯನ್ ದ್ವೀಪಗಳಿಗೂ ಸಲ್ಲುವುದು ಎಫ್ ಮತ್ತು ಜೆ ವೀಸಾದ ವಿದ್ಯಾರ್ಥಿಗಳಿಗೆ, ಅದರಲ್ಲೂ ಕ್ಯೂಬಾ ಬಿಟ್ಟು. 'ಅಲ್ಲೇ ಬ್ರಿಜ್‌ಟೌನಿನಲ್ಲಿ ಸ್ಟಾಂಪಿಂಗ್ ಮಾಡಿಸಿಕೊಳ್ತಾನೆ ಬಿಡಿ' ಅಂದವರೂ ಇದ್ದಾರೆ. 2025ರ ಸೆಪ್ಟೆಂಬರಿನಿಂದ ಅಮೆರಿಕ, ಸ್ವಂತ ದೇಶದಲ್ಲೋ ವಾಸ ಇರುವ ದೇಶದಲ್ಲೋ ವೀಸಾಕ್ಕೆ ಅರ್ಜಿ ಹಾಕಿ ಅನ್ನುತ್ತಿದೆ. ಅದನ್ನು ನಂಬಿಕೊಂಡು ಬರಬೇಡಿ. ಅವರ ಟಿಕೆಟ್ ನಾವು ಮಾಡದಿದ್ದರೂ ಸರಿ, ನಿಮ್ಮ ಟಿಕೆಟ್ ಮಾಡುವ ಮುಂಚೆ ಮಗನ ಸ್ಟಾಂಪಿನ ತಾರೀಖು ಕೇಳುತ್ತೇವೆ. ಅಧಿಕಪ್ರಸಂಗ ಅಂದುಕೊಳ್ಳಬೇಡಿ.

ಇನ್ನು ಹೆಸರು. ಇದು ನಮ್ಮ ಕಡೆಯವರಿಗೇ ಇರುವ ಕಾಯಿಲೆ. ಶಾಲೆಯಲ್ಲಿ ಇನಿಶಿಯಲ್ಲು, ಆಧಾರಿನಲ್ಲಿ ಇನ್ನೊಂದು ಥರ, ಪಾಸ್‌ಪೋರ್ಟಿನಲ್ಲಿ ಸರ್‌ನೇಮ್ ಜಾಗ ಖಾಲಿ, ಊರಿನ ಹೆಸರು ಅಪ್ಪನ ಹೆಸರು ಎಲ್ಲ ಸೇರಿ ಗಿವನ್ ನೇಮಿನಲ್ಲಿ ಒಂದೇ ಸಾಲು. ಅದೇ ಮನುಷ್ಯರ ಅಮೆರಿಕ ವೀಸಾ ನೋಡಿದರೆ ಹೆಸರಿನ ಜಾಗದಲ್ಲಿ 'ಎಫ್‌ಎನ್‌ಯು' ಅಂತ ಇರುತ್ತದೆ. ಅದು ಅವರ ಅಡ್ಡಹೆಸರಲ್ಲ, ಮೊದಲ ಹೆಸರು ಗೊತ್ತಿಲ್ಲ ಅಂತ ಅರ್ಥ. ಟಿಕೆಟಿನಲ್ಲಿ ಹೆಸರನ್ನು ಹೇಗೆ ಒಡೆದು ಬರೆಯಬೇಕು ಅನ್ನುವುದನ್ನು ಪಾಸ್‌ಪೋರ್ಟ್ ಎದುರಿಗೆ ಇಟ್ಟುಕೊಂಡೇ ಮಾಡಬೇಕು, ಫೋನಿನಲ್ಲಿ ಸ್ಪೆಲ್ಲಿಂಗ್ ಕೇಳಿಕೊಂಡಲ್ಲ. ಶ್ರೀನಿವಾಸ ಅನ್ನುವುದನ್ನು ಇಂಗ್ಲಿಷಿನಲ್ಲಿ ಎಷ್ಟು ಥರ ಬರೆಯಬಹುದು ಅಂತ ನಮ್ಮ ಆಫೀಸಿನ ಹುಡುಗಿಯನ್ನು ಕೇಳಿ.

ವಾಪಸ್ ಬರುವ ದಿನದಿಂದ ಇನ್ನೂ ಆರು ತಿಂಗಳಾದರೂ ಪಾಸ್‌ಪೋರ್ಟಿಗೆ ಆಯಸ್ಸು ಇರಬೇಕು, ಇದು ನಮ್ಮ ಆಫೀಸಿನ ನಿಯಮ. ಕಮ್ಮಿ ಇದ್ದರೆ ಮೊದಲು ರಿನ್ಯೂ ಮಾಡಿಸಿ. ಅಂಚೆ ಕಚೇರಿಯಲ್ಲಿ ಪಾಸ್‌ಪೋರ್ಟ್ ಸೇವಾ ಕೇಂದ್ರ ಅಂತ ದೇಶದಲ್ಲಿ ಮೊದಲು ಶುರುವಾದ ಎರಡು ಊರುಗಳಲ್ಲಿ ಮೈಸೂರೂ ಒಂದು, 2017ರ ಜನವರಿಯಲ್ಲಿ. ಬೆಂಗಳೂರಿಗೆ ಅಲೆಯುವ ಕಾಲ ಹೋಯಿತು, ಇನ್ನೂ ನೆಪ ಹೇಳಬೇಡಿ. 36 ಪುಟದ್ದಕ್ಕೆ ಫೀಸು 1,500 ರೂಪಾಯಿ, ತತ್ಕಾಲ್ ಆದರೆ ಮೇಲೆ ಇನ್ನು 2,000.

ಬಾರ್ಬಡೋಸ್‌ನಲ್ಲಿ ಇಳಿದ ಮೇಲೆ ಜಾಸ್ತಿ ಕಷ್ಟ ಇಲ್ಲ. ಪ್ರವಾಸಿಯಾಗಿ 90 ದಿನದವರೆಗೆ ವೀಸಾ ಬೇಡ. ಇಮಿಗ್ರೇಷನ್ನಿನವರು ವಾಪಸ್ ಟಿಕೆಟ್ ಕೇಳುತ್ತಾರೆ, ಎಲ್ಲಿ ಇಳಿದುಕೊಳ್ಳುತ್ತೀರಿ ಅಂತ ಕೇಳುತ್ತಾರೆ, ಖರ್ಚಿಗೆ ದುಡ್ಡಿದೆಯಾ ಅಂತಲೂ ಕೇಳಬಹುದು. ಮಗಳ ಮನೆಯಲ್ಲಿ ಇರುವುದಾದರೆ 'ಮಗಳ ಮನೆ' ಅಂದರೆ ಸಾಲದು, ಪೂರ್ತಿ ವಿಳಾಸ, ಫೋನ್ ನಂಬರ್ ಕಾಗದದಲ್ಲಿ ಬರೆದಿಟ್ಟುಕೊಳ್ಳಿ. ಮೊಬೈಲಿನ ಚಾರ್ಜು ಯಾವಾಗ ಹೋಗುತ್ತದೋ ಹೇಳುವುದಕ್ಕಾಗುವುದಿಲ್ಲ. ಹೊರಡುವ ಮುಂಚಿನ ಮೂರು ದಿನದ ಒಳಗೆ ಅವರ ಸರ್ಕಾರದ ತಾಣದಲ್ಲಿ ಇಮಿಗ್ರೇಷನ್ ಮತ್ತು ಕಸ್ಟಮ್ಸ್ ಫಾರ್ಮು ತುಂಬಬೇಕು. ಪೂರ್ತಿ ಉಚಿತ. ಗೂಗಲ್ ಮಾಡಿದರೆ ಅದೇ ಫಾರ್ಮಿಗೆ ಡಾಲರ್ ಲೆಕ್ಕದಲ್ಲಿ ದುಡ್ಡು ಕೇಳುವ ತಾಣಗಳೂ ಬರಬಹುದು. ವಿಳಾಸದ ಕೊನೆಯಲ್ಲಿ 'ಡಾಟ್ ಗವ್ ಡಾಟ್ ಬಿಬಿ' (.gov.bb) ಇದೆಯಾ ನೋಡಿ, ಇಲ್ಲದಿದ್ದರೆ ಮುಚ್ಚಿಬಿಡಿ. ನಿಮಗೆ ಆಗದಿದ್ದರೆ ನಾವೇ ತುಂಬಿಕೊಡುತ್ತೇವೆ, ಅದಕ್ಕೆ ಚಾರ್ಜ್ ಇಲ್ಲ.

ಬ್ಯಾಗಿನ ವಿಷಯ ಎರಡೇ ಮಾತು. ಮಿಲಿಟರಿ ಬಟ್ಟೆಯ ಥರ ಹಸಿರು ಚುಕ್ಕೆ ಚುಕ್ಕೆಯ ಪ್ಯಾಂಟು, ಚಡ್ಡಿ, ಟೋಪಿ, ಮಕ್ಕಳದ್ದೂ ಸೇರಿ, ಏನೂ ಬೇಡ. ಬಾರ್ಬಡೋಸ್‌ನಲ್ಲಿ ಸಾಮಾನ್ಯ ಜನ ಅದನ್ನು ಹಾಕುವುದು ಕಾನೂನಿನ ಪ್ರಕಾರ ಅಪರಾಧ, ಟ್ರಿನಿಡಾಡಿನಲ್ಲೂ ಹಾಗೇ. ತಮಾಷೆ ಅಲ್ಲ. ಇನ್ನೊಂದು, ಕರಿಬೇವು, ವೀಳ್ಯದೆಲೆ, ರಸಬಾಳೆ ಇಂಥ ಹಸಿ ಪದಾರ್ಥ ಕಟ್ಟಿಕೊಂಡು ಹೋಗಬೇಡಿ, ಕಸ್ಟಮ್ಸ್‌ನಲ್ಲಿ ಹಿಡಿಯುತ್ತಾರೆ. ಮೈಸೂರುಪಾಕು, ಚಟ್ನಿಪುಡಿ ಇದ್ದರೆ ಫಾರ್ಮಿನಲ್ಲಿ ಬರೆಯಿರಿ. ಬಿಪಿ, ಶುಗರ್ ಮಾತ್ರೆಗಳ ಜೊತೆ ಡಾಕ್ಟರ ಚೀಟಿ ಇರಲಿ.

ಟ್ರಿನಿಡಾಡ್ ಸೇರಿಸಿಕೊಡಿ ಅನ್ನುವವರಿಗೆ ಬೇರೆ ಹೇಳಬೇಕು. 2024ರ ಜೂನ್ 29ರಂದು ಬ್ರಿಜ್‌ಟೌನಿನ ಕೆನ್ಸಿಂಗ್ಟನ್ ಓವಲ್‌ನಲ್ಲಿ ಭಾರತ ಟಿ20 ವಿಶ್ವಕಪ್ ಗೆದ್ದ ಮೇಲೆ ಬಾರ್ಬಡೋಸ್ ಕೇಳಿಕೊಂಡು ಬರುವವರು ಹೆಚ್ಚಾದರು, ಅವರಲ್ಲಿ ಐವತ್ತು ದಾಟಿದವರು ಮಾತ್ರ ತಪ್ಪದೆ ಟ್ರಿನಿಡಾಡಿನ ಪೋರ್ಟ್ ಆಫ್ ಸ್ಪೇನ್ ಕೂಡ ನೋಡಬೇಕು ಅನ್ನುತ್ತಾರೆ. 1976ರಲ್ಲಿ ಅಲ್ಲಿ ಟೆಸ್ಟಿನಲ್ಲಿ ಭಾರತ 403 ರನ್ನಿನ ಗುರಿ ಬೆನ್ನತ್ತಿ ಗೆದ್ದದ್ದು, ನಮ್ಮ ಭದ್ರಾವತಿಯ ವಿಶ್ವನಾಥ್ 112 ಹೊಡೆದದ್ದು ಅವರ ತಲೆಯಲ್ಲಿ ಇನ್ನೂ ರೇಡಿಯೋ ಥರ ಓಡುತ್ತಿರುತ್ತದೆ. ನನ್ನ ತಲೆಯಲ್ಲೂ. ಟ್ರಿನಿಡಾಡಿಗೂ ನಮಗೆ ವೀಸಾ ಬೇಡ. ತೊಂದರೆ ಇರುವುದು ವಾಪಸ್ ಬರುವಾಗ, ನಮ್ಮದೇ ಏರ್‌ಪೋರ್ಟಿನಲ್ಲಿ. ಟ್ರಿನಿಡಾಡ್ ದ್ವೀಪ ಹಳದಿ ಜ್ವರದ ಪಟ್ಟಿಯಲ್ಲಿದೆ. ಅಲ್ಲಿಂದ ಬಂದವರ ಹತ್ತಿರ ಲಸಿಕೆಯ ಸರ್ಟಿಫಿಕೇಟ್ ಇಲ್ಲದಿದ್ದರೆ ಭಾರತದಲ್ಲಿ ಆರು ದಿನದವರೆಗೆ ಕ್ವಾರಂಟೈನ್‌ನಲ್ಲಿ ಇಡಬಹುದು. ಲಸಿಕೆ ಹಾಕಿಸಿ ಹತ್ತು ದಿನ ಆದ ಮೇಲೆ ಮಾತ್ರ ಸರ್ಟಿಫಿಕೇಟಿಗೆ ಬೆಲೆ, ಹೊರಡುವ ಹಿಂದಿನ ದಿನ ಓಡಿದರೆ ಪ್ರಯೋಜನ ಇಲ್ಲ. ಸಿಕ್ಕಸಿಕ್ಕ ನರ್ಸಿಂಗ್ ಹೋಮಿನಲ್ಲಿ ಹಾಕಿಸಿದರೂ ನಡೆಯುವುದಿಲ್ಲ, ಸರ್ಕಾರ ಒಪ್ಪಿದ ಕೇಂದ್ರದಲ್ಲೇ ಆಗಬೇಕು. ಒಂದು ಸಲ ಹಾಕಿಸಿದರೆ ಜೀವಮಾನಕ್ಕೆ ಸಾಕು, 2016ರಿಂದ ಹಾಗೆ. ಆದರೆ 60 ದಾಟಿದವರಿಗೆ, ಮೊಟ್ಟೆಯ ಅಲರ್ಜಿ ಇದ್ದವರಿಗೆ ಈ ಲಸಿಕೆ ಸುಮ್ನೆ ಚುಚ್ಚಿಸಿಕೊಳ್ಳುವಂಥದ್ದಲ್ಲ, ನಿಮ್ಮ ಡಾಕ್ಟರನ್ನು ಕೇಳಿ. ಅವರು ಬೇಡ ಅಂದರೆ ಟ್ರಿನಿಡಾಡ್ ಬಿಡಿ ಅಂತಲೇ ನಮ್ಮ ಸಲಹೆ, ನಮಗೆ ವ್ಯಾಪಾರ ಕಮ್ಮಿಯಾದರೂ. ಆದ್ದರಿಂದ ಟ್ರಿನಿಡಾಡ್ ಬೇಕಾದವರು 45 ದಿನ ಮುಂಚೆ ಹೇಳಬೇಕು. ಕೊನೇ ಗಳಿಗೆಯಲ್ಲಿ ಸೇರಿಸುವುದಿಲ್ಲ.

ದುಡ್ಡಿನ ಲೆಕ್ಕ. ಕಾಗದ ಪರಿಶೀಲನೆಗೆ ಒಂದು ಪಾಸ್‌ಪೋರ್ಟಿಗೆ 1,000 ರೂಪಾಯಿ ತೆಗೆದುಕೊಳ್ಳುತ್ತೇವೆ, ಟಿಕೆಟ್ ನಮ್ಮಲ್ಲೇ ಮಾಡಿಸಿದರೆ ಬಿಲ್ಲಿನಲ್ಲಿ ಮುರಿದುಕೊಳ್ಳುತ್ತೇವೆ. ಇದುವರೆಗೆ ಪುಕ್ಕಟೆ ಮಾಡುತ್ತಿದ್ದೆವು, ನಿಜ. ಪುಕ್ಕಟೆ ಮಾಡಿದ್ದರಿಂದಲೇ ಸರಿಯಾಗಿ ಮಾಡಲಿಲ್ಲ ಅಂತ ಈಗ ಅನಿಸುತ್ತದೆ. ಕಾಗದ ನೋಡುತ್ತಿರುವಾಗ ವಿಮಾನದ ರೇಟು ಏರಿದರೆ ಆ ವ್ಯತ್ಯಾಸ ನಿಮ್ಮದೇ. ಇದಕ್ಕೆ ಕೆಲವರು ಜಗಳ ಮಾಡುತ್ತಾರೆ ಅಂತ ಗೊತ್ತು, ಮಾಡಿ, ಆದರೆ ಟಿಕೆಟ್ ಮುಂಚೆ ಮಾಡಿ ಅಂತ ಮಾತ್ರ ಹೇಳಬೇಡಿ.

ಈಗಾಗಲೇ ನಮ್ಮಲ್ಲಿ ಟಿಕೆಟ್ ಆಗಿರುವವರು ಗಾಬರಿ ಆಗಬೇಡಿ. ನಿಮ್ಮ ದಾರಿಯನ್ನು ನಾವೇ ಒಂದೊಂದಾಗಿ ಮತ್ತೆ ನೋಡುತ್ತಿದ್ದೇವೆ. ಮೂರು ಟಿಕೆಟ್ ಬದಲಾಯಿಸಬೇಕಾಗಿ ಬಂತು, ಅದರ ಖರ್ಚು ನಮ್ಮದು, ಅವರಿಗೆ ಫೋನ್ ಮಾಡಿ ಹೇಳಿದ್ದೇವೆ. ಉಳಿದವರು ಈ ವಾರದೊಳಗೆ ಪಾಸ್‌ಪೋರ್ಟಿನ ಮೊದಲ ಪುಟ, ಕೊನೇ ಪುಟ, ಇರುವ ಎಲ್ಲಾ ವೀಸಾಗಳ ಪುಟ, ಹಳೇ ಪಾಸ್‌ಪೋರ್ಟ್ ಇದ್ದರೆ ಅದರದ್ದೂ, ಸ್ಕ್ಯಾನ್ ಮಾಡಿ ಕಳಿಸಿ. ಸ್ಕ್ಯಾನ್ ಗೊತ್ತಿಲ್ಲದಿದ್ದರೆ ಪಾಸ್‌ಪೋರ್ಟನ್ನೇ ತೆಗೆದುಕೊಂಡು ಆಫೀಸಿಗೆ ಬನ್ನಿ, ಬೆಳಿಗ್ಗೆ ಹತ್ತೂವರೆಯಿಂದ ಸಂಜೆ ಏಳರವರೆಗೆ ಇರುತ್ತೇವೆ, ಭಾನುವಾರ ರಜೆ.

ಮೇಷ್ಟ್ರು ಈ ಡಿಸೆಂಬರಿನಲ್ಲಿ ಮತ್ತೆ ಹೊರಟಿದ್ದಾರೆ, ನಮ್ಮಿಂದಲೇ. ಒಂದೇ ಪಿಎನ್‌ಆರ್, ಹೀಥ್ರೂನಿಂದ ಹೀಥ್ರೂಗೆ, ಟ್ರಾನ್ಸಿಟ್ ವೀಸಾ ಮೊನ್ನೆ ಬಂತು. ಅವರ ಮನೆಯವರು ಕೇಳಿದ್ದು ಒಂದೇ, ಚಟ್ನಿಪುಡಿಯನ್ನು ಫಾರ್ಮಿನಲ್ಲಿ ಇಂಗ್ಲಿಷಿನಲ್ಲಿ ಏನಂತ ಬರೆಯಬೇಕು ಅಂತ.

ಇತಿ ನಿಮ್ಮ,
ಟ್ರಾವೆಲ್ಸ್ ಆಫೀಸಿನಿಂದ, ಮೈಸೂರು