ಚೌಬಾರಾದಿಂದ ಕೋಟೆ ತನಕ: ಗೆಳೆಯನಿಗೊಂದು ಪತ್ರ

ಗೆಳೆಯಾ,

ಬೀದರಿನ ಹಳೇ ಊರಾಗ ಬಿದ್ರಿ ಸಾಮಾನು, ಅಂದ್ರ ಕಪ್ಪು ಲೋಹದಾಗ ಬೆಳ್ಳಿ ಕೂಡಿಸಿದ ಸಾಮಾನು, ಹೆಂಗ ನೋಡಿ ತಗೋಬೇಕು ಅಂತ ಕೇಳಿದ್ದಿ. ಚೌಬಾರಾದಿಂದ ಶುರು ಮಾಡು. 71 ಅಡಿ ಎತ್ತರದ ಗುಂಡನೆ ಬುರುಜು ಅದು, ಓಣ್ಯಾಗ ದಾರಿ ತಪ್ಪಿದ್ರೂ ಕಣ್ಣಿಗೆ ಬೀಳ್ತದ. ಅಲ್ಲಿಂದ ಉತ್ತರಕ್ಕ 1472ರ ಮಹಮೂದ್ ಗವಾನ್ ಮದರಸಾ, ಅದರ ಮುಂದ ಕೋಟೆ. ಗಾಡಿ ಬಿಟ್ಟು ನಡೀ. ಹಣ್ಣಿನ ಬಂಡಿ, ಬಳಿ ಅಂಗಡಿ, ಆಟೋ ಹಾರ್ನಿನ ನಡುವೆ ಸಣ್ಣ ಸುತ್ತಿಗಿ ಸಪ್ಪಳ ಕೇಳಿದ್ರ ಅಲ್ಲೇ ನಿಲ್ಲು, ಅದು ಬಿದ್ರಿ ಕೆಲಸದ ಸಪ್ಪಳ.

ಕೊಳ್ಳೋಕಿಂತ ಮೊದಲು ಕೆಲಸ ನೋಡು. ಸುಮಾರು 16 ಪಾಲು ಸತುವಿಗೆ 1 ಪಾಲು ತಾಮ್ರ ಕೂಡಿಸಿ ಎರಕ ಹೊಯ್ತಾರ. ಅರದಿಂದ ತಿಕ್ಕಿ ಮೈಲುತುತ್ತದ ನೀರು ಸವರ್ತಾರ. ಮೈ ಕಪ್ಪಾದ್ರೇನೇ ಉಳಿ ಕೊರದ ಗೆರಿ ಬೆಳ್ಳಗ ಕಾಣ್ತದ. ಇದು ನಿಲ್ಲೋ ಕಪ್ಪಲ್ಲ, ತಿಕ್ಕಿದ್ರ ಹೋಗ್ತದ. ಕೊರದ ಜಾಗದಾಗ ಬೆಳ್ಳಿ ತಂತಿ ಬಡದು ಕೂಡಿಸಿದ್ರ ತಾರಕಶಿ, ತಗಡು ಕೂಡಿಸಿದ್ರ ತೆಹ್ನಿಶಾನ. ಕೊನೀಗೆ ಸಾಮಾನು ಬಿಸಿ ಮಾಡಿ, ಕೋಟೆಯ ಹಳೇ ಮಣ್ಣು, ನವಸಾಗರ ಅನ್ನೋ ಉಪ್ಪು ಕಲಸಿದ ನೀರು ಹಚ್ತಾರ. ಸತು ಕಪ್ಪಾಗ್ತದ, ಬೆಳ್ಳಿ ಹಂಗೇ ಉಳೀತದ. ಮಣ್ಣು ತೊಳದಾಗ ಆ ಕಪ್ಪಿನಾಗಿಂದ ಹೂಬಳ್ಳಿ ಎದ್ದು ಬರೋದು ನೋಡಲಿಕ್ಕೆ ಸಿಕ್ರ ಬಿಡಬ್ಯಾಡ. ಬೀದರಿನಾಗ ಅದಕ್ಕಿಂತ ಚೆಂದದ್ದು ಮತ್ತೊಂದಿಲ್ಲ.

ಕೈಯಾಗ ಹಿಡಿದಾಗ ಭಾರ ಇರಬೇಕು. ಹಗುರಾಗಿದ್ರ ಅಲ್ಯೂಮಿನಿಯಂ ಮ್ಯಾಲ ಬಣ್ಣ ಬಳದಿರಬಹುದು. ಉಗುರು ಆಡಿಸು. ಬೆಳ್ಳಿ ಮೈಯೊಳಗ ಕೂತಿರಬೇಕು, ಅಂಚು ಎದ್ದು ಉಗುರಿಗೆ ಸಿಗಬಾರದು. ಎದ್ದ ತಂತಿ ಅಂದ್ರ ಗೆರಿ ಆಳಕ್ಕ ಕೊರದಿಲ್ಲ, ಮುಂದ ಬಟ್ಟಿಗೆ ಸಿಕ್ಕಿ ಕಿತ್ತು ಬರ್ತದ. ಕೀ ಚೈನಿನಿಂದ ಹಿಡಿದು ಸುರಾಹಿ (ಉದ್ದ ಕತ್ತಿನ ಹೂಜಿ) ತನಕ ಇದೇ ಪರೀಕ್ಷೆ. ಸಣ್ಣ ಗೆರಿ ಹೆಚ್ಚಿದ್ದಷ್ಟೂ ರೇಟು ಏರ್ತದ, ಯಾಕಂದ್ರ ಅದು ದಿನಗಟ್ಟಲೆ ಕೂತ ಕೈ. ಚೌಕಾಸಿ ಹಣ್ಣಿನ ಬಂಡ್ಯಾಗ ಮಾಡು, ಇಲ್ಲಿ ಜಗ್ಗಿ ಕೇಳಬ್ಯಾಡ.

ಶುಕ್ರವಾರ ಮಧ್ಯಾಹ್ನ ನಮಾಜಿನ ಹೊತ್ತಿಗೆ ಕೆಲವು ಅಂಗಡಿ ಮುಚ್ಚಿರ್ತಾವ, ಮುಂಜಾನೆ ಬಾ.

ಮನೀಗೆ ಒಯ್ದ ಮ್ಯಾಲ ಹುಣಸಿಹಣ್ಣು, ಲಿಂಬಿ, ಹಿತ್ತಾಳಿ ತಿಕ್ಕೋ ಪುಡಿ ಮುಟ್ಟಿಸಬ್ಯಾಡ. ಹುಳಿ ಬಿದ್ರ ಕಪ್ಪು ಹಾರ್ತದ. ಮೈ ಮಂಕಾದ್ರ ಎರಡು ಹನಿ ಕೊಬ್ಬರಿ ಎಣ್ಣಿ ಹಚ್ಚಿ ಮೆತ್ತನ ಬಟ್ಟಿಲೆ ಒರಸು. ಸತು ಪೆಡಸು, ಕೆಳಗ ಬಿದ್ರ ಸೀಳ್ತದ. ಬಸ್ಸಿನಾಗ ತೊಡಿ ಮ್ಯಾಲೇ ಇಟ್ಕೊಂಡು ಹೋಗು.

ನಿನ್ನ ದೋಸ್ತ